ಸ್ಯಾಂಪ್ಲರ್ ಕೊಳ್ಳುವ ಮೊದಲು: ಕಿವಿಯಿಂದ ಬೆರಳಿಗೆ ಎಷ್ಟು ದೂರ?

ನನಗೆ ವಾರಕ್ಕೆ ಒಂದಾದರೂ ಮೆಸೇಜ್ ಬರುತ್ತದೆ. "ಅಣ್ಣಾ, ಹಿಪ್ ಹಾಪ್ ಬೀಟ್ ಮಾಡೋಕೆ ಯಾವ ಸ್ಯಾಂಪ್ಲರ್ ತಗೊಳ್ಳಲಿ? ಎಂಪಿಸಿನಾ, 404ಆ?" ಜೊತೆಗೆ ಒಂದು ಸ್ಕ್ರೀನ್‌ಶಾಟ್ ಇರುತ್ತದೆ. ಅಕಾಯ್ ಕಂಪನಿಯ ಎಂಪಿಸಿ, ರೋಲೆಂಡ್ ಕಂಪನಿಯ 404, ಈ ಎರಡು ಮೆಷಿನ್‌ಗಳನ್ನು ಅಕ್ಕಪಕ್ಕ ಇಟ್ಟ ಪಟ್ಟಿ. ಇದಕ್ಕೆ ಇಷ್ಟು ಜಿಬಿ, ಅದಕ್ಕೆ ಇಷ್ಟು ಟ್ರ್ಯಾಕ್, ಇದಕ್ಕೆ ಟಚ್ ಸ್ಕ್ರೀನ್ ಇದೆ, ಅದಕ್ಕಿಲ್ಲ. ನಾನು ಆ ಪಟ್ಟಿ ಓದುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀನು ಬೀಟ್ ಶುರು ಮಾಡುವಾಗ ಮೊದಲು ಏನು ಮಾಡುತ್ತೀಯಾ? ಡ್ರಮ್ ಬಾರಿಸುತ್ತೀಯಾ, ಹಾಡು ಹುಡುಕುತ್ತೀಯಾ, ಸಿಕ್ಕ ಶಬ್ದವನ್ನು ಕೆಡಿಸಿ ಹೊಸದು ಮಾಡುತ್ತೀಯಾ? ಇವತ್ತು ನಾನು ಹೇಳಬೇಕು ಅಂತ ಬಂದಿರುವುದೂ ಇದನ್ನೇ. ಕಿವಿಗೆ ಬಿದ್ದ ಒಂದು ತುಂಡು ನಿಮ್ಮ ಬೆರಳಿನ ಕೆಳಗೆ ಬರುವವರೆಗೆ ಎಷ್ಟು ಬಟನ್ ಒತ್ತಬೇಕು? ಅದನ್ನು ಎಣಿಸಿ. ಉಳಿದದ್ದು ಆಮೇಲೆ.

ಇಲ್ಲಿ ಸ್ಯಾಂಪ್ಲರ್ ಮುಟ್ಟಿಯೇ ಇಲ್ಲದವರೂ ಕೂತಿದ್ದೀರಿ, ಅವರಿಗಾಗಿ ಎರಡು ಮಾತು. ಸ್ಯಾಂಪ್ಲರ್ ಅಂದರೆ ಶಬ್ದದ ಒಂದು ತುಂಡನ್ನು ಹಿಡಿದಿಟ್ಟು, ಬೇಕಾದ ಹಾಗೆ ಕತ್ತರಿಸಿ, ಪ್ಯಾಡ್ ಒತ್ತಿ ಬಾರಿಸಲು ಬಿಡುವ ಪೆಟ್ಟಿಗೆ. ಹಿಪ್ ಹಾಪ್‌ನಲ್ಲಿ ಈ ಕೆಲಸ ಪೆಟ್ಟಿಗೆಗಿಂತ ಮೊದಲೇ ಇತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ಕಟ್ಟಡದಲ್ಲಿ 1973ರ ಆಗಸ್ಟ್ 11ರಂದು ನಡೆದ ಪಾರ್ಟಿಯನ್ನು ಹಿಪ್ ಹಾಪ್‌ನ ಹುಟ್ಟುಹಬ್ಬ ಅಂತ ಆಚರಿಸುತ್ತಾರೆ. ಅವತ್ತು ರೆಕಾರ್ಡ್ ಹಾಕಿದವರು ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಡ್ರಮ್ ಮಾತ್ರ ಉಳಿಯುವ ಜಾಗ ಬಂದಾಗ ಜನ ಜಾಸ್ತಿ ಕುಣಿಯುತ್ತಾರೆ ಅಂತ ಅವರು ಗಮನಿಸಿದ್ದರು. ಆ ಜಾಗ ಕೆಲವೇ ಸೆಕೆಂಡ್ ಇರುತ್ತದೆ. ಅದನ್ನು ಉದ್ದ ಮಾಡಲು ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿಯುತ್ತಿದ್ದಂತೆ ಇನ್ನೊಂದನ್ನು ಶುರು ಮಾಡುತ್ತಿದ್ದರು. ಆ ಎರಡು ಕೈ ಮಾಡುತ್ತಿದ್ದ ಕೆಲಸವೇ ಮುಂದೆ ಮೆಷಿನ್‌ಗೆ ಹೋಯಿತು.

ಈಗ ಒಂದು ಮೆಷಿನ್ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. 1987ರಲ್ಲಿ ಬಂದ ಇ-ಮ್ಯೂ ಕಂಪನಿಯ ಎಸ್‌ಪಿ-1200. ಅದರ ಒಟ್ಟು ಮೆಮೊರಿ ಸುಮಾರು 10 ಸೆಕೆಂಡ್. ಜಿಬಿ, ಎಂಬಿ ಅಲ್ಲ, ಸೆಕೆಂಡ್. ಅದರಲ್ಲೂ ಒಂದು ಶಬ್ದಕ್ಕೆ ಹೆಚ್ಚೆಂದರೆ 2.5 ಸೆಕೆಂಡ್. ಲೆಕ್ಕ ಹಾಕೋಣ. ನಿಮ್ಮ ಬೀಟ್ 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಬೀಟ್ ಇದೆ ಅಂದುಕೊಳ್ಳಿ. ನಾಲ್ಕು ಬೀಟಿನ ಒಂದು ಬಾರ್‌ಗೆ 2.67 ಸೆಕೆಂಡ್ ಬೇಕು. ಅಂದರೆ ಒಂದೇ ಒಂದು ಬಾರ್ ಕೂಡ ಅದರಲ್ಲಿ ಹಿಡಿಯುವುದಿಲ್ಲ! ಹಾಗಾದರೆ ಏನು ಮಾಡಿದರು? 33ರ ವೇಗದ ಎಲ್‌ಪಿಯನ್ನು 45ರ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡಿದರು. ಆಗ 2.67 ಸೆಕೆಂಡಿನ ಸಂಗೀತ ಎರಡೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆಮೇಲೆ ಮೆಷಿನ್ ಒಳಗೆ ಪಿಚ್ ಇಳಿಸಿ ಮೊದಲಿನ ವೇಗಕ್ಕೆ ತಂದರು.

ಇದರಿಂದ ಜಾಗ ಉಳಿಯಿತು, ಜೊತೆಗೆ ಇನ್ನೊಂದು ಸಂಗತಿ ನಡೆಯಿತು. ಆ ಮೆಷಿನ್ 12 ಬಿಟ್‌ನದು, ಸ್ಯಾಂಪಲ್ ರೇಟ್, ಅಂದರೆ ಶಬ್ದವನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಲೆಕ್ಕ, 26 ಕಿಲೋಹರ್ಟ್ಸ್‌ನಷ್ಟು. ಹಾಗಾಗಿ ಅದರ ಅರ್ಧ, ಅಂದರೆ 13 ಕಿಲೋಹರ್ಟ್ಸ್‌ಗಿಂತ ಮೇಲಿನ ಮಿನುಗು ಅದಕ್ಕೆ ಹಿಡಿಯಲು ಬರುವುದೇ ಇಲ್ಲ. ಪಿಚ್ ಇಳಿಸುವ ವಿಧಾನವೂ ಒರಟು. ಆ ಒರಟುತನ ಡ್ರಮ್ ಮೇಲೆ ಮರಳು ಉದುರಿಸಿದ ಹಾಗೆ ಕೂತುಕೊಂಡಿತು. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟು, ಅಂದರೆ ಕಿಕ್, ದಪ್ಪಗಾಯಿತು, ಕೋಲಿನಿಂದ ಬಾರಿಸುವ ಸ್ನೇರ್‌ಗೆ ಒಂದು ಚರಚರ ಬಂತು. ಪೀಟ್ ರಾಕ್, ಲಾರ್ಜ್ ಪ್ರೊಫೆಸರ್ ಅವರಂಥವರ ಆ ಕಾಲದ ಬೀಟ್‌ಗಳನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ, ನಾನು ಹೇಳಿದ ಮರಳು ಸಿಗುತ್ತದೆ. ಈಗ ಜನ ಸಾವಿರಾರು ಡಾಲರ್ ಕೊಟ್ಟು ಆ ಹಳೆಯ ಪೆಟ್ಟಿಗೆ ಕೊಳ್ಳುತ್ತಾರೆ. ನೀವು ಕೊಳ್ಳಬೇಡಿ ಅಂತ ನಾನು ಬೇಡಿಕೊಳ್ಳುತ್ತೇನೆ. ಮೊದಲ ಮೆಷಿನ್ ಆಗಿ ಅಂತೂ ಖಂಡಿತ ಬೇಡ. ಈಗಿನ ಎಂಪಿಸಿಗಳಲ್ಲಿ ಆ ಧ್ವನಿಯ ನಕಲು ಮಾಡುವ ವಿಂಟೇಜ್ ಮೋಡ್ ಇದೆ, ಶುರುವಿಗೆ ಅಷ್ಟು ಸಾಕು.

ಆದರೆ ಆ 10 ಸೆಕೆಂಡನ್ನು ನೆನಪಿಟ್ಟುಕೊಳ್ಳಿ. ಅಷ್ಟರಲ್ಲಿ ಆಲ್ಬಂಗಳೇ ಆಗಿವೆ. ಇವತ್ತು ಮಾರುಕಟ್ಟೆಯಲ್ಲಿರುವ ಅಗ್ಗದ ಸ್ಯಾಂಪ್ಲರ್‌ನ ಮೆಮೊರಿ ಕೂಡ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. 64 ಎಂಬಿ ಅಂದರೆ ಸಿಡಿ ಗುಣಮಟ್ಟದ ಮೋನೊ ಧ್ವನಿ 10 ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಮೆಮೊರಿ ನೋಡಿ ಮೆಷಿನ್ ಆರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎಸ್‌ಪಿ-1200 ಬಂದ ಮರುವರ್ಷ, 1988ರಲ್ಲಿ, ಅಕಾಯ್ ಕಂಪನಿಯಿಂದ ಎಂಪಿಸಿ60 ಬಂತು. ಅದನ್ನು ವಿನ್ಯಾಸ ಮಾಡಿದವರು ರೋಜರ್ ಲಿನ್. 1980ರಲ್ಲೇ ನಿಜವಾದ ಡ್ರಮ್ಮಿನ ಧ್ವನಿ ಇದ್ದ ಎಲ್‌ಎಂ-1 ಡ್ರಮ್ ಮೆಷಿನ್ ಮಾಡಿದ್ದವರು ಅವರೇ. ಎಂಪಿಸಿಯಲ್ಲಿ ಅವರು ಕೊಟ್ಟದ್ದು ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ಪ್ಯಾಡ್. ರಬ್ಬರಿನವು, ಮೆಲ್ಲಗೆ ಹೊಡೆದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಜೋರಾಗಿ. ಇವತ್ತು ನೀವು ನೋಡುವ ಬಹುಪಾಲು ಸ್ಯಾಂಪ್ಲರ್‌ಗಳಲ್ಲಿ ಅದೇ 16ರ ಚೌಕ ಇದೆ.

ಸ್ವಿಂಗ್ ಅನ್ನು, ಅಂದರೆ ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ಒಂಚೂರು ತಡ ಮಾಡುವುದನ್ನು, ಅವರು ಎಲ್ಲರ ಕೈಗೂ ಕೊಟ್ಟರು. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. 90 ಬಿಪಿಎಂನಲ್ಲಿ ಅರ್ಧ ಬೀಟ್ ಅಂದರೆ 333 ಮಿಲಿಸೆಕೆಂಡ್. ಅದರಲ್ಲಿ ಹೈ-ಹ್ಯಾಟ್‌ನ, ಅಂದರೆ ಡ್ರಮ್ ಸೆಟ್ಟಿನ ಜೋಡಿ ತಟ್ಟೆಯ, ಎರಡು ಪೆಟ್ಟು ಬೀಳುತ್ತವೆ ಅಂದುಕೊಳ್ಳಿ. ಸ್ವಿಂಗ್ 50 ಪರ್ಸೆಂಟ್ ಅಂದರೆ ಎರಡನೆಯ ಪೆಟ್ಟು ಸರಿಯಾಗಿ ಮಧ್ಯಕ್ಕೆ, 167ಕ್ಕೆ. ಇದು ನಮ್ಮ ಚತುರಶ್ರ ನಡೆ, ತ ಕ ದಿ ಮಿ. ಸ್ವಿಂಗ್ 66 ಅಂದರೆ ಎರಡನೆಯ ಪೆಟ್ಟು 220ಕ್ಕೆ ಜಾರುತ್ತದೆ. ಅಂದರೆ ಮೂರು ಪಾಲು ಮಾಡಿ ಎರಡು ಪಾಲು ಬಿಟ್ಟು ಮೂರನೆಯದರ ಮೇಲೆ ಹೊಡೆದ ಹಾಗೆ. ತ ಕಿ ಟ, ತಿಶ್ರ. ನೀವು ಲಯದ ಪಾಠ ಕಲಿತಿದ್ದರೆ ಈ ಎರಡನ್ನೂ ಬೇರೆ ಬೇರೆ ನಡೆ ಅಂತ ಕಲಿತಿರುತ್ತೀರಿ. ಹಿಪ್ ಹಾಪ್ ವಾಸ ಮಾಡುವುದು ಇವೆರಡರ ನಡುವೆ. 54ಕ್ಕೆ ಇಟ್ಟರೆ ಪೆಟ್ಟು 13 ಮಿಲಿಸೆಕೆಂಡ್ ತಡ, 58ಕ್ಕೆ ಇಟ್ಟರೆ 27 ತಡ. ಇಷ್ಟು ಚಿಕ್ಕ ಅಂತರಕ್ಕೆ ತಲೆ ತಾನಾಗಿ ಆಡಲು ಶುರುವಾಗುತ್ತದೆ. ನಾನು ಮೊದಲ ಸಲ 50ರಿಂದ 57ಕ್ಕೆ ತಿರುಗಿಸಿದ ರಾತ್ರಿ ಮಲಗಲೇ ಇಲ್ಲ, ಮಾಡಿಟ್ಟಿದ್ದ ಹಳೆಯ ಬೀಟ್‌ಗಳನ್ನೆಲ್ಲ ತೆಗೆದು ತಿರುಗಿಸಿ ನೋಡುತ್ತಾ ಕೂತೆ.

ಹಾಗಾಗಿ ಯಾವ ಮೆಷಿನ್ ನೋಡಲು ಹೋದರೂ ಸ್ವಿಂಗ್ ಎಲ್ಲಿದೆ ಅಂತ ಕೇಳಿ. ಬೀಟ್ ಓಡುತ್ತಿರುವಾಗಲೇ ಒಂದು ನಾಬ್‌ನಲ್ಲಿ ತಿರುಗಿಸಲು ಬರುತ್ತದಾ? ಮೂರು ಮೆನು ದಾಟಿ ಹೋಗಬೇಕಾ? ಮೂರು ಮೆನು ದಾಟಬೇಕಾದರೆ ನೀವು ಅದನ್ನು ಮುಟ್ಟುವುದೇ ಇಲ್ಲ.

ಸ್ವಿಂಗ್ ಮಾತು ಬಂದ ಮೇಲೆ ಜೆ ಡಿಲ್ಲಾ ಹೆಸರು ಹೇಳದೆ ಮುಂದೆ ಹೋಗಲು ಆಗಲ್ಲ. ಡೆಟ್ರಾಯಿಟ್‌ನಲ್ಲಿ ಬೀಟ್ ಮಾಡುತ್ತಿದ್ದವರು. 2006ರ ಫೆಬ್ರವರಿ 10ರಂದು, 32ನೆಯ ಹುಟ್ಟುಹಬ್ಬ ಆಗಿ ಮೂರೇ ದಿನಕ್ಕೆ ತೀರಿಕೊಂಡರು. ಅವರ ಎಂಪಿಸಿ3000 ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅವರು ಕ್ವಾಂಟೈಸ್, ಅಂದರೆ ಪೆಟ್ಟನ್ನು ಮೆಷಿನ್ ತಾನೇ ಲೆಕ್ಕದ ಜಾಗಕ್ಕೆ ಕೂರಿಸುವ ಸೌಲಭ್ಯ, ಆಫ್ ಮಾಡಿ ಬಾರಿಸುತ್ತಿದ್ದರು, ಅಷ್ಟೇ ಗುಟ್ಟು ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ಅರ್ಧ ಮಾತು. ಆ ಮೆಷಿನ್‌ನಲ್ಲಿ ಶಿಫ್ಟ್ ಟೈಮಿಂಗ್ ಅನ್ನುವ ಸೌಲಭ್ಯ ಇದೆ, ಒಂದೊಂದು ಶಬ್ದವನ್ನೂ ಬೇರೆಯಾಗಿ ಹಿಂದೆ ಮುಂದೆ ತಳ್ಳಬಹುದು. ಒಂದು ಬೀಟನ್ನು ಅದು 96 ತುಂಡು ಮಾಡುತ್ತದೆ, 90 ಬಿಪಿಎಂನಲ್ಲಿ ಒಂದು ತುಂಡು ಅಂದರೆ ಸುಮಾರು 7 ಮಿಲಿಸೆಕೆಂಡ್. ಸ್ನೇರ್ ಅನ್ನು ಒಂದೆರಡು ತುಂಡು ಮುಂಚೆ ತಳ್ಳು, ಕಿಕ್ ಅನ್ನು ಕೈಯಲ್ಲೇ ಬಿಡು, ಹೈ-ಹ್ಯಾಟ್ ನೆಟ್ಟಗೆ ಇರಲಿ. ಹೀಗೆ ಒಂದೇ ಬೀಟಿನಲ್ಲಿ ಎರಡು ಮೂರು ಲಯ ಒಟ್ಟಿಗೆ ನಡೆಯುತ್ತವೆ. ಡಿಲ್ಲಾ ತಮ್ಮ ಮೆಷಿನ್‌ನ ಒಳಹೊರಗು ಬಲ್ಲವರಾಗಿದ್ದರು, ಅದನ್ನು ಸೋಮಾರಿ ಕೈ ಅಂತ ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಸರಿ, ಈಗ ಇವತ್ತಿನ ಮಾರುಕಟ್ಟೆಗೆ ಬರೋಣ.

ಮೊದಲು ಶಬ್ದ ಕೆಡಿಸಿ ಕಟ್ಟುವವರು. ನಿಮಗೆ ಒಂದು ತುಂಡು ಸಿಕ್ಕ ಕೂಡಲೇ ಅದರ ಮೇಲೆ ಎಫೆಕ್ಟ್ ಹಾಕಿ, ಅದನ್ನು ಮತ್ತೆ ರೆಕಾರ್ಡ್ ಮಾಡಿ, ಅದರ ಮೇಲೆ ಇನ್ನೊಂದು ಹಾಕುವ ಚಟ ಇದ್ದರೆ, ರೋಲೆಂಡ್‌ನ ಎಸ್‌ಪಿ-404 ಎಂಕೆ2 ನಿಮಗಾಗಿಯೇ ಇದೆ. 2021ರಲ್ಲಿ ಬಂದದ್ದು. 404ರ ವಂಶ 2005ರಿಂದ ಇದೆ, ಅದಕ್ಕೂ ಮೊದಲು ರೋಲೆಂಡ್‌ನದೇ ಬಾಸ್ ಅನ್ನುವ ಬ್ರ್ಯಾಂಡ್ ಹೆಸರಿನಲ್ಲಿ 303 ಇತ್ತು, ಅಮೆರಿಕದಲ್ಲಿ ಬೀಟ್ ಮಾಡುವ ಮ್ಯಾಡ್‌ಲಿಬ್ ಅದರಲ್ಲೇ ಎಷ್ಟೋ ಬೀಟ್ ಮಾಡಿದರು. ಇವುಗಳ ಜೀವ ಇರುವುದು ಹೀಗೆ ಮತ್ತೆ ಮತ್ತೆ ರೆಕಾರ್ಡ್ ಮಾಡುವ ರೀಸ್ಯಾಂಪಲ್‌ನಲ್ಲಿ. ಎಂಕೆ2ನಲ್ಲಿ ಸ್ಕಿಪ್ ಬ್ಯಾಕ್ ಅನ್ನುವ ಒಂದು ಸೌಲಭ್ಯ ಇದೆ, ನನಗೆ ತುಂಬಾ ಇಷ್ಟವಾದದ್ದು. ನೀವು ಸುಮ್ನೆ ಪ್ಯಾಡ್ ತಟ್ಟುತ್ತಾ ಆಡುತ್ತಿರುತ್ತೀರಿ, ರೆಕಾರ್ಡ್ ಒತ್ತಿರುವುದಿಲ್ಲ, ಏನೋ ಚೆನ್ನಾಗಿ ಬಂದುಬಿಡುತ್ತದೆ. ಆಮೇಲೆ ಬಟನ್ ಒತ್ತಿದರೂ ಕಳೆದ ಕೆಲವು ಸೆಕೆಂಡುಗಳು ಸಿಗುತ್ತವೆ. ಒಳ್ಳೆಯದು ಯಾವಾಗಲೂ ರೆಕಾರ್ಡ್ ಒತ್ತದೇ ಇದ್ದಾಗಲೇ ಬರುವುದು, ಅಲ್ವಾ? ಆರು ಎಎ ಬ್ಯಾಟರಿ ಹಾಕಿ ಬಸ್ಸಿನಲ್ಲೂ ಮಾಡಬಹುದು. ಲಾಸ್ ಏಂಜಲೀಸ್‌ನಲ್ಲಿ 2006ರಿಂದ 2018ರವರೆಗೆ ಲೋ ಎಂಡ್ ಥಿಯರಿ ಅಂತ ವಾರದ ಕೂಟ ನಡೆಯುತ್ತಿತ್ತು. ಆ ಊರಿನ ಬೀಟ್ ಮಾಡುವವರ ಕೈಯಲ್ಲಿ 404 ಒಂದು ವಾದ್ಯವೇ ಆಗಿಬಿಟ್ಟಿತ್ತು. ವೇದಿಕೆ ಮೇಲೆ ಎಫೆಕ್ಟ್ ಒತ್ತಿ ಬಿಟ್ಟು ಬೀಟನ್ನು ಉಸಿರಾಡಿಸುತ್ತಿದ್ದರು. ಇಡೀ ಹಾಡನ್ನು ಸಾಲಾಗಿ ಜೋಡಿಸಿ ಮುಗಿಸುವ ಕೆಲಸ ಮಾತ್ರ ಇದರಲ್ಲಿ ಸ್ವಲ್ಪ ಕಷ್ಟ.

ಡ್ರಮ್ ಕೈಯಲ್ಲಿ ಬಾರಿಸಬೇಕು, ಹಾಡು ಕತ್ತರಿಸಬೇಕು, ಬಾಸ್ ಹಾಕಬೇಕು, ರ‍್ಯಾಪ್ ಕೂಡ ಅದರಲ್ಲೇ ರೆಕಾರ್ಡ್ ಮಾಡಿ ಮುಗಿಸಬೇಕು ಅನ್ನುವವರಿಗೆ ಎಂಪಿಸಿ. ಎಂಪಿಸಿ ಒನ್ 2020ರಲ್ಲಿ ಬಂತು, ಏಳು ಇಂಚಿನ ಟಚ್ ಸ್ಕ್ರೀನ್ ಇದೆ. ಹೆಚ್ಚು ಕಡಿಮೆ ಒಂದು ಸ್ಟುಡಿಯೊ. ಅದೇ ಅದರ ತೊಂದರೆಯೂ ಹೌದು, ಶುರುವಿನಲ್ಲಿ ಪುಟದಿಂದ ಪುಟಕ್ಕೆ ಅಲೆದಾಡುತ್ತೀರಿ. ಒಂದು ತಿಂಗಳು ತಾಳ್ಮೆ ಬೇಕು. ಆದರೆ ಪೆಟ್ಟನ್ನು ತಾನಾಗಿ ಮತ್ತೆ ಮತ್ತೆ ಬಾರಿಸುವ ನೋಟ್ ರಿಪೀಟ್ ಬಟನ್ ಒತ್ತಿಕೊಂಡು ಹೈ-ಹ್ಯಾಟ್ ಪ್ಯಾಡನ್ನು ಬೆರಳಿನಲ್ಲಿ ಒತ್ತುತ್ತಾ ಸಡಿಲಿಸುತ್ತಾ ಹೋದರೆ ಸದ್ದು ಏರುತ್ತಾ ಇಳಿಯುತ್ತಾ ಬರುವ ಆ ಸುಖ, ಅದನ್ನು ಒಂದು ಸಲ ಅನುಭವಿಸಿದವರು ಬಿಡುವುದಿಲ್ಲ.

ಎಲೆಕ್ಟ್ರಾನ್‌ನ ಡಿಜಿಟಾಕ್ಟ್ ಬಗ್ಗೆ ಕೇಳುವವರು ಜಾಸ್ತಿ. ಒಳ್ಳೆಯ ಮೆಷಿನ್. 2017ರ ಮೊದಲನೆಯದರಲ್ಲಿ ಎಂಟು ಟ್ರ್ಯಾಕ್, ಮೋನೊ. 2024ರ ಎರಡನೆಯದರಲ್ಲಿ 16, ಸ್ಟಿರಿಯೊ. ಆದರೆ ಅದು ಹೆಜ್ಜೆ ಹೆಜ್ಜೆಯಾಗಿ ಯೋಚಿಸುವವರ ಮೆಷಿನ್. ಪ್ಯಾಡ್‌ಗಳಿಗೆ ಹೊಡೆತದ ಜೋರು ಗೊತ್ತಾಗುವುದಿಲ್ಲ, ಸದ್ದಿನ ಏರಿಳಿತವನ್ನು ನಾಬ್‌ನಲ್ಲಿ ಕೂರಿಸಬೇಕು. ನಿಮ್ಮ ಬೆರಳಿನಲ್ಲಿ ಲಯ ಇದ್ದರೆ ಇಲ್ಲಿ ಕೈ ಕಟ್ಟಿದ ಹಾಗೆ ಆಗಬಹುದು.

ಕೈಯಲ್ಲಿ ಹಣ ಕಡಿಮೆ ಇದ್ದರೆ ಟೀನೇಜ್ ಎಂಜಿನಿಯರಿಂಗ್‌ನ ಇಪಿ-133, ಕೆಓ 2 ಅಂತ ಕರೆಯುತ್ತಾರೆ. 2023ರ ಕೊನೆಯಲ್ಲಿ 299 ಡಾಲರ್‌ಗೆ ಬಂತು. ಇಲ್ಲಿಗೆ ತರಿಸಿದರೆ ಕಸ್ಟಮ್ಸ್ ಸೇರಿ ಜಾಸ್ತಿ ಆಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ. ನಾಲ್ಕು ಎಎಎ ಬ್ಯಾಟರಿ ಸಾಕು. ಸ್ಯಾಂಪಲ್ ಬಟನ್ ಹಿಡಿದು ಪ್ಯಾಡ್ ಒತ್ತಿದರೆ ಆಯಿತು, ಶಬ್ದ ಒಳಗೆ ಬಂತು. ನಾನು ಹೇಳಿದ ದೂರ ಇದೆಯಲ್ಲ, ಕಿವಿಯಿಂದ ಬೆರಳಿಗೆ, ಅದು ತುಂಬಾ ಕಡಿಮೆ ಇರುವ ಮೆಷಿನ್‌ಗಳಲ್ಲಿ ಇದೂ ಒಂದು.

ಇನ್ನು ನಮ್ಮ ಹಾಡುಗಳನ್ನು ಕತ್ತರಿಸುವವರಿಗೆ ಒಂದು ಮಾತು. ಇಲ್ಲಿ ಅರ್ಧ ಜನ ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಹಾಡಿನ ಇಂಟರ್‌ಲ್ಯೂಡ್ ಮೇಲೆ ಕಣ್ಣಿಟ್ಟವರೇ. ನಾನೂ ಹಾಗೇ ಶುರು ಮಾಡಿದ್ದು, ಅಪ್ಪನ ಕ್ಯಾಸೆಟ್ ಡಬ್ಬಿಯಿಂದ. ಆ ಕಾಲದ ಹಾಡುಗಳನ್ನು ವಾದ್ಯವೃಂದ ಒಟ್ಟಿಗೆ ಕೂತು ನುಡಿಸುತ್ತಿತ್ತು. ಲಯ ಜೀವಂತ, ಹಾಗಾಗಿ ಕಂಪ್ಯೂಟರಿನ ಗೆರೆ ಮೇಲೆ ಕೂರುವುದಿಲ್ಲ. ಪಿಟೀಲು ಏರುವಾಗ ಒಂಚೂರು ವೇಗ, ಪಲ್ಲವಿಗೆ ಇಳಿಯುವಾಗ ಒಂಚೂರು ನಿಧಾನ. ಅಂಥ ತುಂಡನ್ನು ಎಂಟು ಸಮ ಪಾಲು ಮಾಡು ಅಂತ ಮೆಷಿನ್‌ಗೆ ಹೇಳಿದರೆ ನಾಲ್ಕನೆಯ ಪಾಲಿಗೆ ಬರುವಷ್ಟರಲ್ಲಿ ತಬಲದ ಪೆಟ್ಟು ಆಚೆ ಈಚೆ ಹೋಗಿರುತ್ತದೆ. ಪೆಟ್ಟು ಗುರುತಿಸಿ ತಾನೇ ಕತ್ತರಿಸುವ ಥ್ರೆಶೋಲ್ಡ್ ಕೂಡ ಸೋಲುತ್ತದೆ, ತಬಲ, ಗಿಟಾರ್, ಪಿಟೀಲು ಎಲ್ಲ ಒಂದರೊಳಗೊಂದು ಬೆರೆತಿರುವುದರಿಂದ. ಹಾಡು ಓಡುತ್ತಿರುವಾಗ ಕಿವಿಯಿಂದ ಕೇಳುತ್ತಾ, ಪ್ಯಾಡ್ ತಟ್ಟಿ ನೀವೇ ಗುರುತು ಹಾಕಬೇಕು. ಆದ್ದರಿಂದ ಕೈಯಿಂದ ಚಾಪ್ ಮಾಡುವುದು ಸುಲಭ ಇರುವ ಮೆಷಿನ್ ನಮಗೆ ಬೇರೆಯವರಿಗಿಂತ ಮುಖ್ಯ. ಎಂಪಿಸಿಯಲ್ಲೂ 404 ಎಂಕೆ2ನಲ್ಲೂ ಇದು ಚೆನ್ನಾಗಿ ಬರುತ್ತದೆ. ಹೊರಗಿನವರು ಇದನ್ನು ನಮಗಿಂತ ಮೊದಲೇ ಮಾಡಿದ್ದಾರೆ, ಮ್ಯಾಡ್‌ಲಿಬ್ 2007ರಲ್ಲೇ ಭಾರತದ ಸಿನಿಮಾ ಸಂಗೀತದ ತುಂಡುಗಳಿಂದ ಒಂದು ಬೀಟ್ ಆಲ್ಬಂ ತಂದರು.

ಹಕ್ಕಿನ ವಿಷಯ ಚಿಕ್ಕದಾಗಿ. 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಅವರ ಒಂದು ಹಾಡಿನ ಮೇಲೆ ನ್ಯೂಯಾರ್ಕ್ ಕೋರ್ಟಿನ ತೀರ್ಪು ಬಂತು, ಅನುಮತಿ ಇಲ್ಲದೆ ಸ್ಯಾಂಪಲ್ ಮಾಡುವುದು ಕಳ್ಳತನ ಅನ್ನುವ ಅರ್ಥದಲ್ಲಿ. ಕಲಿಯಲು ಮನೆಯಲ್ಲಿ ಏನು ಬೇಕಾದರೂ ಕತ್ತರಿಸಿ. ಬಿಡುಗಡೆ ಮಾಡುವಾಗ ಹಕ್ಕುದಾರರನ್ನು ಕೇಳಿ.

ಕೇಬಲ್ ಬಗ್ಗೆ ಯಾರೂ ಕೇಳುವುದಿಲ್ಲ, ಆಮೇಲೆ ಫೋನ್ ಮಾಡುತ್ತಾರೆ. ರೆಕಾರ್ಡ್ ಪ್ಲೇಯರ್‌ನಿಂದ ಬರುವ ಸಿಗ್ನಲ್ ತುಂಬಾ ಸಣ್ಣದು, ಬಾಸ್ ತಗ್ಗಿಸಿ ಟ್ರೆಬಲ್ ಏರಿಸಿ ಬರೆದದ್ದು. ಅದನ್ನು ಸರಿ ಮಾಡಲು ಫೋನೊ ಪ್ರಿಆಂಪ್ ಬೇಕು. ಎಂಪಿಸಿ ಲೈವ್ ಅನ್ನುವ ಇನ್ನೊಂದು ಮಾದರಿಯಲ್ಲಿ ಅದು ಒಳಗೇ ಇದೆ. ಎಂಪಿಸಿ ಒನ್, 404ರಲ್ಲಿ ಇಲ್ಲ, ಬೇರೆ ಕೊಳ್ಳಬೇಕು. ಕ್ಯಾಸೆಟ್ ಡೆಕ್‌ಗೆ ಈ ಗೋಜಿಲ್ಲ, ಲೈನ್ ಔಟ್‌ನಿಂದ ನೇರ ಹಾಕಿ.

ಮೆಷಿನ್‌ಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಫೋನಿನಲ್ಲಿ ಕೋಆಲಾ ಅನ್ನುವ ಸ್ಯಾಂಪ್ಲರ್ ಆ್ಯಪ್ ಹಾಕಿಕೊಂಡು ಒಂದು ತಿಂಗಳು ದಿನಾ ಒಂದು ಬೀಟ್ ಮಾಡಿ. ಒತ್ತಿ ಹಿಡಿದರೆ ಮೈಕ್‌ನಿಂದಲೇ ಸ್ಯಾಂಪಲ್ ಆಗುತ್ತದೆ. ತಿಂಗಳ ಕೊನೆಗೆ ನಾನು ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರುತ್ತದೆ. ಮೃದಂಗ ಕೊಳ್ಳಲು ಹೋದವರು ಮುಚ್ಚಿಗೆಯ ಮೇಲೆ ಬೆರಳಿಡದೆ ದುಡ್ಡು ಕೊಡುತ್ತಾರಾ? ಇದೂ ಹಾಗೇ. ಅಂಗಡಿಯಲ್ಲೋ ಗೆಳೆಯರ ಮನೆಯಲ್ಲೋ ಮೆಷಿನ್ ಸಿಕ್ಕರೆ, ಒಂದು ಹಾಡಿನ ನಾಲ್ಕು ಬಾರ್ ಹಿಡಿಯಿರಿ, ಎಂಟು ತುಂಡು ಮಾಡಿ, ಕಿಕ್ ಸ್ನೇರ್ ಸೇರಿಸಿ ಲೂಪ್ ಮಾಡಿ. ಎರಡನೆಯ ಸಲ ಮಾಡುವಾಗ ಹತ್ತು ನಿಮಿಷದಲ್ಲಿ ಆಗದಿದ್ದರೆ ಆ ಮೆಷಿನ್ ನಿಮಗೆ ಹೊಂದುವುದು ಅನುಮಾನ.

ಹಳೆಯದು ಕೊಳ್ಳುವವರಿಗೆ ನನ್ನ ಅನುಭವ ಹೇಳುತ್ತೇನೆ. ನಾನು ಅಮೆರಿಕದಿಂದ ಬಂದ ಒಂದು ಹಳೆಯ ಸ್ಯಾಂಪ್ಲರ್ ಕೊಂಡೆ. ಎಲ್ಲ ಸರಿ ಇದೆ ಅಂದಿದ್ದರು. ಮನೆಗೆ ತಂದವನೇ ಪ್ಲಗ್ ಅಡಾಪ್ಟರ್ ಹಾಕಿ ನೇರ ಗೋಡೆಗೆ ಸಿಕ್ಕಿಸಿದೆ. ಅದು 120 ವೋಲ್ಟ್‌ನದು, ನಮ್ಮದು 230. ಸುಟ್ಟ ವಾಸನೆ ಬಂತು, ಪವರ್ ಸಪ್ಲೈ ಹೋಯಿತು. ಮೂರು ತಿಂಗಳು ಕೂಡಿಟ್ಟ ಹಣ ಅದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ ಅಂತ ಗೊತ್ತಿದ್ದೂ ಆತುರ ಪಟ್ಟಿದ್ದೆ. ರಿಪೇರಿ ಆಗಿ ಬಂದ ಮೇಲೆ ನೋಡಿದರೆ ಕೆಳಗಿನ ಸಾಲಿನ ಎರಡು ಪ್ಯಾಡ್ ಗುದ್ದಿದರೆ ಮಾತ್ರ ಕೇಳುತ್ತಿದ್ದವು. ಕೆಳಗಿನ ಸಾಲು ಯಾಕೆ ಅಂದರೆ ಬಹಳ ಜನ ಕಿಕ್, ಸ್ನೇರ್ ಇಟ್ಟುಕೊಳ್ಳುವುದು ಅಲ್ಲೇ, ಹೆಚ್ಚು ಪೆಟ್ಟು ತಿಂದಿರುತ್ತವೆ. ರಬ್ಬರಿನ ಅಡಿಗೆ ಇನ್ಸುಲೇಷನ್ ಟೇಪಿನ ಎರಡು ಪದರ ಅಂಟಿಸಿದ ಮೇಲೆ ಸರಿಹೋಯಿತು, ಈಗಲೂ ಕೆಲಸ ಮಾಡುತ್ತಿದೆ.

ಹಾಗಾಗಿ ಹಳೆಯದು ನೋಡಲು ಹೋದಾಗ ಹಿಂಬದಿಯ ವೋಲ್ಟ್ ಚೀಟಿ ಮೊದಲು ಓದಿ. 16 ಪ್ಯಾಡನ್ನೂ ಒಂದೇ ಬೆರಳಿನಲ್ಲಿ ಮೆಲ್ಲಗೆ ತಟ್ಟಿ. ದೊಡ್ಡ ಚಕ್ರ ತಿರುಗಿಸಿದಾಗ ಅಂಕಿ ನೆಗೆಯುತ್ತದಾ ನೋಡಿ. ಫ್ಲಾಪಿ ಇರುವ ಮೆಷಿನ್ ಆದರೆ ಯುಎಸ್‌ಬಿ ಹಾಕುವ ಫ್ಲಾಪಿ ಎಮ್ಯುಲೇಟರ್ ಕೂರಿಸಿದ್ದಾರಾ ಕೇಳಿ, ಇಲ್ಲದಿದ್ದರೆ ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಕೊನೆಗೆ ನಿಮ್ಮ ಫೋನಿನಿಂದ ಒಂದು ತುಂಡು ಸ್ಯಾಂಪಲ್ ಮಾಡಿ, ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ಆ ತುಂಡು ಅಲ್ಲೇ ಇದ್ದರೆ ದುಡ್ಡು ಕೊಡಿ.